ಕೊನೆಯ ಹಾಳೆ ಇಲ್ಲದ ಎಮ್ಮೆ ಪುಸ್ತಕ

ಬಾಲವಾಡಿಗೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. "ಅಕ್ಕಾರ, ಅಷ್ಟು ವರ್ಷ ಹುಡುಗೂರ ಜೋಡಿ ಇದ್ದವರು ನೀವು, ನಮಗೂ ಏನರ ಹೇಳ್ರಿ" ಎನ್ನುತ್ತಾರೆ. ನಾನು ಹೇಳುವ ಮೊದಲ ಮಾತು: ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿಯಬೇಡಿ. ಇಷ್ಟೇನಾ ಎಂಬಂತೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹೌದು, ಇಷ್ಟೇ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಡುವುದಿಲ್ಲ. ನಾನು ಮಕ್ಕಳ ಮುಂದೆ ಫಜೀತಿಪಟ್ಟು ಕಲಿತೆ.

ನಾನು ಗಡಹಿಂಗ್ಲಜದ ಕಡೆಯ ಹಳ್ಳಿಯವಳು. ಜೈನರ ಒಕ್ಕಲುತನದ ಮನೆ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಮದುವೆಯಾಗಿ ಇಚಲಕರಂಜಿಗೆ ಬಂದೆ. ಆ ಊರಿನ ಶಹಾಪುರದಲ್ಲಿ ಒಂದು ಮಹಿಳಾ ಮಂಡಳದವರು ಮಗ್ಗದವರ ಮಕ್ಕಳಿಗಾಗಿ ಬಾಲವಾಡಿ ತೆರೆದಿದ್ದರು. ಒಂದೇ ಕೋಣೆ. ಅದರ ಮೂಲೆಯಲ್ಲಿ ಒಂದು ಕಪಾಟು. ಆ ಕಪಾಟಿಗೆ ಮಂಡಳದವರು ಇಟ್ಟ ಹೆಸರು ವಾಚನಾಲಯ! ಕೋಣೆಯ ಎಡಗೋಡೆಗೆ ತಾಗಿ ಒಂದು ವಿದ್ಯುತ್ ಮಗ್ಗದ ಶೆಡ್ಡು, ಬಲಗೋಡೆಗೆ ಇನ್ನೊಂದು. ಬೆಳಗಿನಿಂದ ಸಂಜೆಯ ತನಕ ಖಟಾಖಟ್ ಖಟಾಖಟ್. ಮೊದಲ ದಿನ ಮನೆಗೆ ಹೋದ ಮೇಲೂ ನನ್ನ ತಲೆಯೊಳಗೆ ಮಗ್ಗ ನಡೆದೇ ಇತ್ತು.

ಮೊದಲ ವಾರ ನಾನು ಕಲಿತು ಬಂದಂತೆ ಪುಸ್ತಕವನ್ನು ಮುಖದ ಎತ್ತರಕ್ಕೆ ಹಿಡಿದು, ಚಿತ್ರವನ್ನು ಮಕ್ಕಳ ಕಡೆ ತಿರುಗಿಸಿ ಓದಿದೆ. ಒಂದು ಮಗುವೂ ಚಿತ್ರ ನೋಡಲಿಲ್ಲ. ಒಬ್ಬ ಬಗ್ಗಿ ಪುಸ್ತಕದ ಕೆಳಗಿನಿಂದ ಇಣುಕಿದ. ಇನ್ನೊಬ್ಬಳು ಪಕ್ಕಕ್ಕೆ ಸರಿದು ಕತ್ತು ಉದ್ದ ಮಾಡಿದಳು. ನಾನು ಪುಸ್ತಕ ಎತ್ತಿದರೆ ಕೆಳಗೆ ಬಗ್ಗುತ್ತಾರೆ, ಇಳಿಸಿದರೆ ಮೇಲೆ ಏಳುತ್ತಾರೆ. ಎಂಥ ಮಂಗನಂಥ ಮಕ್ಕಳಪ್ಪಾ ಎಂದು ಸಿಟ್ಟು ಬಂದು, "ನೆಟ್ಟಗ ಕುಂದರ್ತೀರೋ ಇಲ್ಲೋ?" ಎಂದು ಗದರಿದೆ. ಆಗ ಮುಂದೆ ಕುಳಿತ ನೀಲಾ ಎಂಬ ಹುಡುಗಿ, ಎರಡು ಜಡೆಯವಳು, ನನಗಿಂತ ದೊಡ್ಡ ದನಿಯಲ್ಲಿ ಕೇಳಿದಳು: "ಅಕ್ಕಾರ, ನೀವು ಬಾಯಿ ಮುಚಗೊಂಡ್ರ ನಮಗ ಹ್ಯಾಂಗ ಕೇಳಸ್ತೈತ್ರಿ?"

ಮಗ್ಗದ ಮನೆಯ ಮಕ್ಕಳು ಕಿವಿಯಿಂದ ಮಾತ್ರ ಕೇಳುವವರಲ್ಲ. ಶೆಡ್ಡಿನಲ್ಲಿ ಅವ್ವನ ಮಾತು ಕಿವಿಗೆ ಬೀಳುವುದೇ ಇಲ್ಲ. ತುಟಿ ನೋಡಬೇಕು, ಕೈ ನೋಡಬೇಕು. ಊಟ ತಂದೆಯಾ, ಅಪ್ಪ ಎಲ್ಲಿ, ತಂಗಿ ಅಳುತ್ತಿದ್ದಾಳಾ, ಎಲ್ಲವೂ ತುಟಿ ಮತ್ತು ಕೈಯಲ್ಲೇ ನಡೆಯುತ್ತದೆ. ನಾನು ನನ್ನ ಬಾಯಿಯನ್ನೇ ಮುಚ್ಚಿಟ್ಟು ಕತೆ ಕೇಳಿ ಎಂದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮರುದಿನದಿಂದ ಪುಸ್ತಕ ನನ್ನ ತೊಡೆಯ ಮೇಲೆ, ಮುಖ ಮಕ್ಕಳ ಕಡೆಗೆ. ಇಡೀ ಕೋಣೆ ಸುಮ್ಮನಾಯಿತು. ಗೋಡೆಯ ಆಚೆಯ ಮಗ್ಗಗಳು ಮಾತ್ರ ಸುಮ್ಮನಾಗಲಿಲ್ಲ.

ಇನ್ನು ಎಮ್ಮೆ ಪುಸ್ತಕದ ಮಾತು.

ಕಪಾಟಿನಲ್ಲಿ ಪುಸ್ತಕಗಳೇನೋ ಇದ್ದವು. ಮಂಡಳದ ದೊಡ್ಡ ಮನೆಯವರು ತಮ್ಮ ಮಕ್ಕಳು ಓದಿ ಬಿಟ್ಟದ್ದನ್ನು ಕೊಟ್ಟಿದ್ದರು. ಅದರಲ್ಲಿ ರಟ್ಟು ಕಿತ್ತುಹೋದ ಒಂದು ತೆಳ್ಳನೆಯ ಚಿತ್ರದ ಪುಸ್ತಕವಿತ್ತು. ರಟ್ಟಿಲ್ಲ ಅಂದರೆ ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ, ಅಚ್ಚು ಹಾಕಿದವರೂ ಗೊತ್ತಿಲ್ಲ. ಒಂದೊಂದು ಹಾಳೆಯಲ್ಲಿ ದೊಡ್ಡ ಚಿತ್ರ, ಅದರ ಕೆಳಗೆ ಮರಾಠಿಯಲ್ಲಿ ಒಂದೆರಡು ಸಾಲು.

ಕತೆ ಇಷ್ಟು. ಕೆಂಪು ರಿಬ್ಬನ್ನಿನ ಒಬ್ಬ ಹುಡುಗಿಗೆ ಒಂದು ಪುಸ್ತಕ ಸಿಗುತ್ತದೆ. ಹಿಗ್ಗು ತಾಳಲಾರದೆ ಅವಳು ಅದನ್ನು ಊರಿಗೆಲ್ಲ ಓದಿ ಹೇಳಲು ಹೊರಡುತ್ತಾಳೆ. ಕೋಳಿಗೆ ಓದುತ್ತಾಳೆ, ಕೋಳಿ ಕಾಳು ಬಿಟ್ಟು ಕತ್ತು ಓರೆ ಮಾಡಿ ಕೇಳುತ್ತದೆ. ಬಾವಿಯ ಕಪ್ಪೆಗೆ ಓದುತ್ತಾಳೆ. ಕೆರೆಯಲ್ಲಿ ಮೂಗು ಮಾತ್ರ ಹೊರಗಿಟ್ಟು ಮಲಗಿದ ಎಮ್ಮೆಗೆ ಓದುತ್ತಾಳೆ, ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ಎಲ್ಲರೂ ಕೇಳುವುದು ಒಂದೇ ಮಾತು: ಮುಂದೇನಾಯ್ತು? ಕಡೆಗೆ ಮನೆಗೆ ಬರುತ್ತಾಳೆ. ಅವ್ವ ಹಿಟ್ಟು ನಾದುತ್ತಿದ್ದಾಳೆ, ಮುಂಗೈವರೆಗೂ ಹಿಟ್ಟು. ಹುಡುಗಿ ಪುಸ್ತಕವನ್ನು ಅವ್ವನ ಮುಂದೆ ಚಾಚಿ, "ಅವ್ವಾ, ನೀನೂ ಕೇಳ್ತಿಯೇನ?" ಎನ್ನುತ್ತಾಳೆ.

ಅಲ್ಲಿಗೆ ಮುಗಿಯಿತು. ಅದರ ಮುಂದಿನ ಹಾಳೆ ಹರಿದುಹೋಗಿತ್ತು.

ಮಕ್ಕಳು ಆ ಪುಸ್ತಕಕ್ಕೆ ಎಮ್ಮೀ ಪುಸ್ತಕ ಎಂದು ಹೆಸರಿಟ್ಟರು. ದಿನಾ ಅದೇ ಬೇಕು. ಬೇರೆ ಪುಸ್ತಕ ತೆಗೆದರೆ, "ಇದರಾಗ ಎಮ್ಮಿ ಇಲ್ರಿ" ಎಂದು ಮೂತಿ ಉಬ್ಬಿಸುತ್ತಿದ್ದರು. ಆ ಎಮ್ಮೆ ಅಂದರೆ ನನಗೂ ಪ್ರೀತಿ. ಮೂಗಿನ ಮೇಲೊಂದು ಹುಲ್ಲುಕಡ್ಡಿ, ಅರೆಮುಚ್ಚಿದ ಕಣ್ಣು, ಜಗತ್ತಿನಲ್ಲಿ ಇನ್ನೇನೂ ಬೇಡ ಎಂಬ ಮುಖ. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿ ಅಡ್ಡಾದರೆ ಆ ಮುಖ ಬರುತ್ತದೆ. ಕೈ ತಾನಾಗಿ ಹಾಳೆ ತಿರುವಲು ಹೋಗುತ್ತದೆ. ಕೈಯಲ್ಲಿ ಏನೂ ಇರುವುದಿಲ್ಲ.

ನಾನು ಓದುತ್ತಿದ್ದದ್ದು ಹೇಗೆ ಎಂದರೆ, ಕಣ್ಣು ಮರಾಠಿ ಸಾಲಿನ ಮೇಲೆ, ಬಾಯಿಯಲ್ಲಿ ಕನ್ನಡ. ಮನೆಯಲ್ಲಿ ಕನ್ನಡ ಆಡುವ ಮಕ್ಕಳೇ ಹೆಚ್ಚಿದ್ದರು. ಹಾಗೆ ಓದಬೇಡಿ ಎಂದು ನನಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೆ ಕೇಳುತ್ತಲೂ ಇರಲಿಲ್ಲ. ಮಕ್ಕಳು ಅದನ್ನು ಹಾಗೇ ಎತ್ತಿಕೊಂಡವು. ಬೆರಳು ಮರಾಠಿ ಅಕ್ಷರದ ಕೆಳಗೆ ಇಟ್ಟು, "ಎಮ್ಮಿ ಬಾಯಿ ಆಡಸೂದು ಬಿಟ್ಟ ಕೇಳಾಕತ್ತಿತು" ಎಂದು ಗಟ್ಟಿಯಾಗಿ ಓದುತ್ತಿದ್ದವು. ಕೇಳಿ ಕೇಳಿ ನನಗೂ ಆ ಸಾಲುಗಳು ಕನ್ನಡದಲ್ಲೇ ಅಚ್ಚಾದಂತೆ ಕಾಣತೊಡಗಿದ್ದವು.

ಒಂದು ದಿನ ಕೊಲ್ಲಾಪುರದಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ಜೊತೆಗೆ ನಮ್ಮ ಮೇಲ್ವಿಚಾರಕಿ ಸುಮನಬಾಯಿ. ಮರಾಠಿಯವರು, ಒಂಬತ್ತು ಗಜದ ಸೀರೆ, ಮಾತಿಗಿಂತ ಕಣ್ಣಿಗೇ ನಾವು ಹೆದರುತ್ತಿದ್ದೆವು. ಎಳ್ಳುಕಾಳಿನಷ್ಟೂ ನಗುವವರಲ್ಲ. ಸಾಹೇಬರು ಕಪಾಟಿನಿಂದ ಎಮ್ಮೆ ಪುಸ್ತಕವನ್ನೇ ತೆಗೆಯಬೇಕೆ? ತೆಗೆದು ನೀಲಾಳ ಕೈಗೆ ಕೊಟ್ಟು, ಓದು ಎಂದರು.

ನೀಲಾ ಮರಾಠಿ ಸಾಲಿನ ಕೆಳಗೆ ಬೆರಳಿಟ್ಟು, ಸಾಹೇಬರ ಮುಖಕ್ಕೆ ನೇರವಾಗಿ, ಶೆಡ್ಡಿನ ದನಿಯಲ್ಲಿ ಕನ್ನಡ ಓದತೊಡಗಿದಳು. ಸಾಹೇಬರು ಪುಸ್ತಕ ನೋಡಿದರು, ಅವಳನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು. "ಹೇ ಕಾಯ? ಇಥಂ ಅಸಂ ಕುಠಂ ಲಿಹಿಲಂಯ?" ಇಲ್ಲಿ ಹಾಗೆಲ್ಲಿ ಬರೆದಿದೆ ಎಂದು ಕೇಳಿದರು. ನೀಲಾ ಬೆರಳು ಅಲ್ಲಾಡಿಸದೆ, "ಇಲ್ಲೇ ಐತಲ್ರಿ" ಎಂದಳು. ಸಾಹೇಬರು ನನ್ನ ಕಡೆ ತಿರುಗಿ, ಬಾಯಾರೇ, ಇದು ಓದಲ್ಲ, ಗಿಳಿಪಾಠ ಎಂದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

ಆಗ ಸುಮನಬಾಯಿ ನಿಂತಲ್ಲಿಂದಲೇ ಮರಾಠಿಯಲ್ಲಿ ಹೇಳಿದರು, "ಸಾಹೇಬ, ಹಾಳೆ ನೀವೇ ತಿರುವಿ. ಅವಳಿಗೆ ಬಿಡಬೇಡಿ." ಸಾಹೇಬರು ಬೇಕೆಂದೇ ಎರಡು ಹಾಳೆ ಒಟ್ಟಿಗೆ ತಿರುವಿದರು. ನೀಲಾಳ ಬಾಯಿ ಗಕ್ಕನೆ ನಿಂತಿತು. ಹುಬ್ಬು ಗಂಟಿಕ್ಕಿ, "ಒಂದು ಹಾಳಿ ಬಿಟ್ರಿ ಸಾಹೇಬ್ರ! ಕಪ್ಪಿ ಎಲ್ಲಿ ಹೋತು?" ಎಂದು ಅವರನ್ನೇ ಗದರಿದಳು. ಗಿಳಿಯಾಗಿದ್ದರೆ ಹಾಳೆ ಬಿಟ್ಟದ್ದು ತಿಳಿಯದೆ ಉಲಿಯುತ್ತಲೇ ಹೋಗುತ್ತಿತ್ತು. ಸಾಹೇಬರು ಮೀಸೆಯೊಳಗೆ ನಕ್ಕು ಚಹಾ ಕುಡಿದು ಹೋದರು. ಅವರು ಹೋದ ಮೇಲೆ ಸುಮನಬಾಯಿ ಪುಸ್ತಕವನ್ನು ತಿರುಗಿ ಕಪಾಟಿಗೆ ಇಟ್ಟರು. ಬಾಗಿಲ ಬಳಿ ನಿಂತು ಚಪ್ಪಲಿ ಮೆಟ್ಟುತ್ತಾ, "ಮರಾಠೀ ಪಣ ಶಿಕವಾ" ಎಂದರು, ಮರಾಠಿಯನ್ನೂ ಕಲಿಸಿ ಎಂದು. ಆ 'ಪಣ', ಕನ್ನಡದಲ್ಲಿ 'ಮರಾಠಿಯನ್ನೂ' ಎನ್ನುವಾಗಿನ ಆ 'ಊ' ಎಂಬ ಒಂದಕ್ಷರಕ್ಕಾಗಿ ನಾನು ಅವರನ್ನು ಇವತ್ತಿಗೂ ನೆನೆಯುತ್ತೇನೆ. ಕನ್ನಡ ಬಿಡಿ ಎನ್ನಲಿಲ್ಲ ಪುಣ್ಯಾತ್ಮಳು. ಮೇಲಿನವರು ಹೀಗಿದ್ದರೆ ಕೆಲಸ ಮಾಡುವವರ ಬೆನ್ನು ನೆಟ್ಟಗಿರುತ್ತದೆ. ಹೀಗಿರದವರೂ ಬಂದರು, ಅವರ ಸುದ್ದಿ ಬೇಡ.

ಕೊನೆಯ ಹಾಳೆ ಇಲ್ಲದ್ದು ಮೊದಮೊದಲು ನನಗೆ ಕೊರತೆ ಅನ್ನಿಸಿತು. ಆಮೇಲೆ ಅದೇ ದಿನದ ಆಟವಾಯಿತು. "ಅವ್ವ ಏನಂದ್ಲು?" ಎಂದು ಕೇಳಿದರೆ ಸಾಕು, ಕೈಗಳು ಮೇಲೇಳುತ್ತಿದ್ದವು. "ಪಾಳಿ ಮುಗಿಸಿ ಕೇಳ್ತೇನಿ ಅಂದ್ಲ್ರಿ." "ಅವ್ವ ಕುಂತಲ್ಲೇ ನಿದ್ದಿ ಹೋಗ್ಯಾಳ್ರಿ, ಎಬ್ಬಸಬಾರದು." "ಮೊದಲ ತಮ್ಮನ್ನ ಎತಗೋ, ಆಮ್ಯಾಲ ಓದು ಅಂದ್ಲು." ಒಬ್ಬ, "ಹಿಟ್ಟಿನ ಕೈಲೆ ಎರಡು ಕೊಟ್ಟಳು" ಎಂದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಇನ್ನೊಬ್ಬಳು ಮೆಲ್ಲಗೆ, "ಅವ್ವ ಮಗ್ಗಾ ಬಂದ್ ಮಾಡಿ ಕೇಳಿದ್ಲು" ಎಂದಳು. ಆಗ ಯಾರೂ ನಗಲಿಲ್ಲ.

ನೀಲಾ ಒಬ್ಬಳೇ ಏನೂ ಹೇಳುತ್ತಿರಲಿಲ್ಲ. ಎಷ್ಟು ಸಲ ಕೇಳಿದರೂ, "ನಂಗೇನ ಗೊತ್ತು? ನಮ್ಮವ್ವನ್ನ ಕೇಳಬೇಕ್ರಿ" ಎನ್ನುತ್ತಿದ್ದಳು. "ಹಂಗಾರ ನಡಿ, ಕೇಳೂಣು" ಎಂದೆ ಒಂದು ದಿನ.

ಅವಳ ಅವ್ವ ಗಂಗವ್ವ ಪಕ್ಕದ ಶೆಡ್ಡಿನಲ್ಲೇ ಕಂಡಿಕೆ ಸುತ್ತುತ್ತಿದ್ದಳು, ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ. ಗಂಡ ಅಲ್ಲೇ ಮಗ್ಗ ನಡೆಸುತ್ತಿದ್ದ. ಮರುದಿನ ಊಟದ ಡಬ್ಬಿ ಒಯ್ಯುವ ಹೊತ್ತಿಗೆ ನಾನೂ ನೀಲಾಳ ಜೊತೆ ಪುಸ್ತಕ ಹಿಡಿದು ಒಳಗೆ ಹೋದೆ. ಹೊರಗಿನಿಂದ ಕೇಳುವ ಸಪ್ಪಳ ಬೇರೆ, ಒಳಗಿನದು ಬೇರೆ. ಎದೆಯ ಎಲುಬೇ ನಡುಗುತ್ತದೆ. ಗಾಳಿಯ ತುಂಬಾ ಹತ್ತಿಯ ಧೂಳು.

ನೀಲಾ ಅವ್ವನ ಎದುರು ನಿಂತಳು. ಪುಸ್ತಕ ಹೊಟ್ಟೆಗೆ ಒತ್ತಿ ಹಿಡಿದು, ಬಾಯಿ ದೊಡ್ಡದಾಗಿ ತೆರೆದು ಓದತೊಡಗಿದಳು. ಒಂದು ಕೈ ಕೋಳಿಯಾಯಿತು, ಕಪ್ಪೆಯಾಯಿತು. ಗಂಗವ್ವನ ಕೈಗಳು ಕಂಡಿಕೆ ತೆಗೆಯುತ್ತಾ ಹಾಕುತ್ತಾ ತಮ್ಮ ಪಾಡಿಗೆ ತಾವು ಓಡುತ್ತಿದ್ದವು, ಕಣ್ಣು ಮಾತ್ರ ಮಗಳ ತುಟಿಯ ಮೇಲೆ. ನನಗೆ ಒಂದು ಶಬ್ದವೂ ಕೇಳಲಿಲ್ಲ, ಆದರೆ ಎಲ್ಲಾ ತಿಳಿಯುತ್ತಿತ್ತು. ಎಮ್ಮೆ ಬಂದಾಗ ಗಂಗವ್ವ ಹಲ್ಲು ಬಿಟ್ಟು ನಕ್ಕಳು. ಆಚೆಯ ಯಂತ್ರದ ಹೆಂಗಸರೂ ಕತ್ತು ತಿರುಗಿಸಿದರು. ಮಾಲಕ ಬಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಇದೇನ್ರಿ ಬಾಯಾರ, ಇಲ್ಲೂ ಶಾಳಿ ತಗದ್ರಿ?" ಎಂದು ಕೂಗಿದ. ಕೂಗಿದವನು ಹೋಗದೆ ಅಲ್ಲೇ ನಿಂತು ಎಮ್ಮೆ ನೋಡಿದ.

ಕೊನೆಯ ಚಿತ್ರ ಬಂತು. ಹುಡುಗಿ ಪುಸ್ತಕ ಚಾಚಿದ್ದಾಳೆ, ಅವ್ವನ ಕೈ ಹಿಟ್ಟಿನಲ್ಲಿದೆ. ಗಂಗವ್ವ ಮುಂದೇನು ಎಂದು ಕೈ ತಿರುವಿ ಕೇಳಿದಳು. ನೀಲಾ ಎರಡೂ ಕೈ ಅಗಲಿಸಿ ಇಲ್ಲ ಎಂದಳು. ಗಂಗವ್ವ ನನ್ನ ಕಡೆ ನೋಡಿದಳು. ನಾನೂ ಇಲ್ಲ ಎಂದೆ. ಆಗ ಅವಳು ಎರಡು ಕೈಯ ಬೆರಳ ತುದಿಗಳನ್ನು ಜೋಡಿಸಿ ಥಟ್ಟನೆ ಬಿಡಿಸಿ ತೋರಿಸಿದಳು. ಶೆಡ್ಡಿನಲ್ಲಿ ಎಳೆ ಹರಿಯಿತು ಎನ್ನಲು ಹಾಗೆ ಮಾಡುತ್ತಾರೆ. ಕೂಡಿತು ಎನ್ನಲು ಬೆರಳ ತುದಿಗಳನ್ನು ಸೇರಿಸಿ ಹೊಸೆಯುತ್ತಾರೆ.

ಊಟಕ್ಕೆ ಹೊರಗೆ ಬಂದ ಮೇಲೆ ಅವಳು ರೊಟ್ಟಿ ಮುರಿಯುವುದಕ್ಕೂ ಮೊದಲು ಅದನ್ನೇ ಕೇಳಿದಳು.

"ಅಕ್ಕಾರ, ಆ ತಾಯಿ ಏನಂದ್ಲಂತ?"

"ಹಾಳಿ ಹರದ ಹೋಗೇತಿ ಗಂಗವ್ವಾ. ಯಾರಿಗಿ ಗೊತ್ತು?"

"ಹಂಗಂದ್ರ ಹ್ಯಾಂಗ್ರಿ? ಕೋಣನ ಮುಂದ ಕಿನ್ನರಿ ಬಾರಿಸಿದಂಗ ಅಂತಾರ, ಇಲ್ಲಿ ಎಮ್ಮಿ ಸುದ್ದಾ ಕೇಳೇತಿ. ತಾಯಿ ಕೇಳದ ಇದ್ದಾಳೇನು? ನನ್ನ ಕೈಯಾಗ ಎಳಿ ಹರದ್ರ ನಾ ಹಂಗ ಬಿಡತೇನೇನು? ತುದಿ ಹುಡಿಕಿ ಕೂಡಸ್ತೇನಿ."

"ಆತವ್ವ, ನಾನೂ ಹುಡುಕತೇನಿ" ಎಂದೆ. "ನೀ ಹೇಳಲಾ, ಆ ತಾಯಿ ಜಾಗಾದಾಗ ನೀ ಇದ್ರ ಏನಂತಿದ್ದಿ?"

ಅವಳು ಮಗಳ ಜಡೆಯ ಮೇಲೆ ಕುಳಿತ ಹತ್ತಿಯ ಎಳೆಗಳನ್ನು ಆರಿಸತೊಡಗಿದಳು. "ನನಗೂ ಓದಾಕ ಬಂದಿದ್ರ..." ಎಂದವಳು ಮಾತನ್ನು ಅಷ್ಟಕ್ಕೇ ಬಿಟ್ಟು, "ಉಣ್ಣ ಬರ್ರಿ ಅಕ್ಕಾರ, ಉಳ್ಳಾಗಡ್ಡಿ ಇಲ್ಲದ್ದು ಐತಿ" ಎಂದಳು. ಈರುಳ್ಳಿ ತಿನ್ನದ ಜೈನರ ಮನೆಯ ನನಗಾಗಿ ಅವಳು ಅದನ್ನು ಬೇರೆ ಡಬ್ಬಿಯಲ್ಲಿ ತರಿಸಿದ್ದಳು.

ಅವಳು ಎಲ್ಲಿ ಸಿಕ್ಕರೂ, ನೀರಿನ ಸರದಿಯಲ್ಲಿ, ಅಂಗಡಿಯಲ್ಲಿ, ಮೊದಲ ಪ್ರಶ್ನೆ ಅದೇ. "ಹಾಳಿ ಸಿಕ್ತೇನ್ರಿ?" ನನಗೆ ಮುಜುಗರವಾಗಿ ಕೆಲವು ಸಲ ಬೇರೆ ಓಣಿಯಿಂದ ಹೋಗಿದ್ದೂ ಉಂಟು. ಹುಡುಕಿದೆನಾ ಎಂದರೆ, ಹುಡುಕಿದೆ. ಕೊಲ್ಲಾಪುರಕ್ಕೆ ಹೋದಾಗಲೆಲ್ಲಾ ಪುಸ್ತಕದ ಅಂಗಡಿ ಹೊಕ್ಕೆ. ಮಾತುಕತೆ ಎಲ್ಲ ಕಡೆಯೂ ಒಂದೇ. ಹೆಸರೇನು? ಗೊತ್ತಿಲ್ಲ. ಬರೆದವರು? ರಟ್ಟು ಹೋಗಿದೆ. ಮತ್ತೆ ಹೇಗೆ ಹುಡುಕುವುದು? ಒಂದು ಎಮ್ಮೆ ಇದೆ, ಮೂಗಿನ ಮೇಲೆ ಹುಲ್ಲುಕಡ್ಡಿ. ಒಬ್ಬ ಅಂಗಡಿಯವನು ಬಹಳ ಗಂಭೀರವಾಗಿ ನನಗೆ ಪಶುಸಂಗೋಪನೆಯ ಪುಸ್ತಕ ತಂದುಕೊಟ್ಟ! ತವರಿಗೆ ಹೋದಾಗ ಗಡಹಿಂಗ್ಲಜದ ಸಂತೆಯಲ್ಲಿ ರದ್ದಿ ಕಾಗದದವರ ಗುಡ್ಡೆ ಕೆದಕಿದೆ. ಅಣ್ಣ, "ಮನಿಗಿ ಬಂದಾಕಿ ರದ್ದಿಯಾಗ ಕುಂತಾಳ" ಎಂದು ಊರೆಲ್ಲಾ ಹೇಳಿ ನಕ್ಕ. ಆ ಹಾಳೆ ಸಿಗಲಿಲ್ಲ.

ಅಷ್ಟರಲ್ಲಿ ಶಹಾಪುರವೇ ಬದಲಾಗತೊಡಗಿತು. ಹಳೆಯ ಸಾದಾ ಮಗ್ಗಗಳನ್ನು ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿದರು. ಗಂಗವ್ವನ ಶೆಡ್ಡೂ ಮುಚ್ಚಿತು. ಅವಳ ಗಂಡನಿಗೆ ಕಾಗಲದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಮನೆ ಖಾಲಿ ಮಾಡಿದರು. ಹೊರಡುವ ದಿನ ತಾಯಿ ಮಗಳು ಬಾಲವಾಡಿಗೆ ಬಂದರು. ನೀಲಾ ಕಪಾಟಿನ ಮುಂದೆ ನಿಂತವಳು ಕದಲಲೇ ಇಲ್ಲ. ಅಂದು ಸುಮನಬಾಯಿಯೂ ಇದ್ದರು. ನಾನು ಅವರ ಮುಖ ನೋಡಿದೆ. "ದ್ಯಾ, ಫಾಟಕಂಚ ಆಹೇ" ಎಂದರು, ಕೊಡಿ, ಹೇಗೂ ಹರಿದದ್ದು ಎಂದು. ಹರಿದದ್ದಾದರೂ ಕೊಡುವಾಗ ನನ್ನ ಕೈ ಹಿಂಜರಿಯಿತು. ಗಂಗವ್ವ ಪುಸ್ತಕವನ್ನು ಮಗ್ಗದಿಂದ ಇಳಿದ ಒಂದು ತುಂಡು ಕೋರಾ ಬಟ್ಟೆಯಲ್ಲಿ ಸುತ್ತಿಕೊಂಡು, "ಹಾಳಿ ಸಿಕ್ಕರ ತಿಳಸ್ರಿ, ಮರೀಬ್ಯಾಡ್ರಿ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು, ಅವಳಿಗಷ್ಟೇ ಅಲ್ಲ.

ಮುಂದೆ ಕೆಲಸದ ರೀತಿ ಎಷ್ಟು ಬದಲಾಯಿತೆಂದರೆ ಕೇಳಬೇಡಿ. ಪಾಟಿ ಬಳಪ ಹೋಗಿ ಬಣ್ಣದ ಕಾರ್ಡುಗಳು ಬಂದವು. ಕಾರ್ಡು ಹೋಗಿ ಗೋಡೆಯ ಮೇಲೆ ಟೀವಿ ಬಂತು. ಟೀವಿಯಲ್ಲಿ ಮೊಲ ತಾನೇ ಕತೆ ಹೇಳುತ್ತದೆ, ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಆದರೆ ಆ ಮೊಲ, ನಡುವೆ ಒಂದು ಮಗು "ತಡೀರಿ, ಕಪ್ಪಿ ಎಲ್ಲಿ ಹೋತು?" ಎಂದರೆ ನಿಲ್ಲುವುದಿಲ್ಲ. ಪುಸ್ತಕ ನಿಲ್ಲುತ್ತದೆ. ಕನ್ನಡದ ಮನೆಗಳು ಕಡಿಮೆಯಾಗಿ ಒಡಿಶಾ, ಬಿಹಾರದ ಕಡೆಯ ಮಕ್ಕಳು ಬಂದವು. ನಾನು ಎಮ್ಮೆಗೆ ಅವರ ಮಾತಿನಲ್ಲಿ ಏನನ್ನುತ್ತಾರೆ ಎಂದು ಅವರನ್ನೇ ಕೇಳಿ ಕಲಿತೆ. ಮಗು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿ ಮೊದಲ ಕತೆ ಹೇಳಿ, ಇದು ನನ್ನ ಎರಡನೆಯ ಮಾತು. ಮೂರನೆಯದು ಇಲ್ಲ. ಕಪಾಟಿಗೆ ಚೆಂದಚೆಂದದ ಹೊಸ ಪುಸ್ತಕಗಳು ಬಂದವು, ರಟ್ಟು ಇದ್ದದ್ದು, ಹಾಳೆ ಪೂರ್ತಿ ಇದ್ದದ್ದು. ಓದಿ ಮುಗಿಸಿದ ಮೇಲೆ ಮಕ್ಕಳು ಎದ್ದು ಹೋಗುತ್ತಿದ್ದರು. "ಅವ್ವ ಏನಂದ್ಲು?" ಎಂದು ಕೇಳಲು ನನಗೆ ಜಾಗವೇ ಇರುತ್ತಿರಲಿಲ್ಲ.

ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು. ಮನೆಗೆ ಬಂದು ಕುಳಿತರೆ ಮನೆ ಬಿಕೋ ಎನ್ನುತ್ತಿತ್ತು. ಜೀವನವಿಡೀ ಶಪಿಸಿದ ಆ ಮಗ್ಗದ ಸಪ್ಪಳ ಬೇಕು ಅನ್ನಿಸಿತು. ಆ ಸಪ್ಪಳದ ನಡುವೆ ನನ್ನ ತುಟಿಯನ್ನೇ ನೋಡುವ ಕಣ್ಣುಗಳು ಬೇಕು ಅನ್ನಿಸಿತು. ಗಂಗವ್ವ ಎಲ್ಲಿದ್ದಾಳೋ, ಇನ್ನೂ ಕೇಳುತ್ತಿದ್ದಾಳೋ, ಇಲ್ಲ ಈ ಅಕ್ಕಾರು ಬರೀ ಬಾಯಿಮಾತಿನವಳು ಎಂದು ಬಿಟ್ಟಿದ್ದಾಳೋ ಎಂದು ಜೀವ ತುಡಿಯುತ್ತಿತ್ತು.

ನನ್ನ ಜಾಗಕ್ಕೆ ಬಂದ ಹುಡುಗಿ ಸುಜಾತಾ. ಚುರುಕು ಹುಡುಗಿ. ಎಮ್ಮೆ ಪುಸ್ತಕದ ಪುರಾಣ ಕೇಳಿ ಕೇಳಿ ಬೇಸತ್ತಳೋ ಏನೋ, ಒಂದು ದಿನ ನನ್ನಿಂದ ಎಮ್ಮೆಯ ಚಹರೆ ಹೇಳಿಸಿಕೊಂಡು ಮೊಬೈಲಿನಲ್ಲಿ ತನ್ನ ಪರಿಚಯದ ಬಾಲವಾಡಿಯವರ ಗುಂಪಿಗೆಲ್ಲಾ ಹಾಕಿದಳು. ಅದು ಕೈಯಿಂದ ಕೈಗೆ ಹೋಯಿತು. ಕೆಲವು ದಿನಗಳ ಮೇಲೆ ಓಡುತ್ತಾ ಮನೆಗೆ ಬಂದಳು.

"ಅಕ್ಕಾರ, ಇದ ಎಮ್ಮಿ ಹೌದೋ ಅಲ್ಲೋ ನೋಡ್ರಿ!"

ಮೊಬೈಲಿನಲ್ಲಿ ಅದೇ ಮೂಗು, ಅದೇ ಹುಲ್ಲುಕಡ್ಡಿ. ಕೆಳಗಿನ ಮೂಲೆಯಲ್ಲಿ ಕೋರಾ ಬಟ್ಟೆಯ ಅಂಚು ಕಾಣುತ್ತಿತ್ತು. ಕಳಿಸಿದವಳು ನೀಲಾ. ಗೋಕುಳ ಶಿರಗಾಂವದ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಮನೆ ಕಾಗಲದಲ್ಲಿ, ಒಬ್ಬ ಮಗಳು, ಅವ್ವ ತನ್ನ ಹತ್ತಿರವೇ ಇದ್ದಾಳೆ ಎಂದು ಬರೆದಿದ್ದಳು. ಕೊನೆಗೊಂದು ಸಾಲು: ಅವ್ವ ಕೇಳಾಕತ್ತಾಳ, ಹಾಳಿ ಸಿಕ್ತೇನ್ರಿ?

ನಾನು ಶೇಂಗಾ ಹೋಳಿಗೆ ಮಾಡಿಕೊಂಡು, ಸುಜಾತಾಳನ್ನು ಕರೆದುಕೊಂಡು ಭಾನುವಾರ ಕಾಗಲದ ಬಸ್ಸು ಹತ್ತಿದೆ. ಹೋಳಿಗೆ ಇತ್ತು, ಹಾಳೆ ಇರಲಿಲ್ಲ. ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸಿದೆ. ಒಂದು ಕೊನೆ ನಾನೇ ಕಟ್ಟಿ, ಹೀಗಿತ್ತಂತೆ ಎಂದುಬಿಡಲೇ ಎಂದೂ ಅನ್ನಿಸಿತು. ಬಾಯಿ ಬರಲಿಲ್ಲ.

ನೀಲಾ ಬಾಗಿಲಲ್ಲೇ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ ಮೆಲ್ಲಗೆ, "ಅಕ್ಕಾರ, ಅವ್ವಗ ಈಗ ಕಿವಿ ಪೂರಾ ಹೋಗ್ಯಾವ್ರಿ. ಮಗ್ಗದ ಸಪ್ಪಳ ತಿಂದ ಬಿಟ್ಟೈತಿ. ಮಶೀನ ತಂದು ಕೊಟ್ಟೇವಿ, ಹಾಕ್ಕೊಳ್ಳೂದಿಲ್ಲ" ಎಂದಳು.

ಒಳಗೆ ಗಂಗವ್ವ ಗೋಡೆಗೊರಗಿ ಕುಳಿತಿದ್ದಳು. ಕೂದಲೆಲ್ಲಾ ಹತ್ತಿ. ಅವಳ ಎದುರಿಗೆ ಮೊಮ್ಮಗಳು, ಎರಡು ಜಡೆಯವಳು, ಪುಸ್ತಕ ತೊಡೆಯ ಮೇಲೆ, ಮುಖ ಅಜ್ಜಿಯ ಕಡೆಗೆ. ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದಿರಲಿಲ್ಲ! ಬಾಯಿ ದೊಡ್ಡದಾಗಿ ತೆರೆದು, ಕೈಯಲ್ಲಿ ಕೋಳಿ ಮಾಡಿ, ಕಪ್ಪೆ ಮಾಡಿ ಓದುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತು ನೋಡಿದೆ.

ಗಂಗವ್ವ ನನ್ನನ್ನು ನೋಡಿದಳು. ಮುಖವೆಲ್ಲಾ ಅರಳಿತು. "ಅಕ್ಕಾರ ಬಂದಾರ! ಬರ್ರಿ, ಕುಂದರ್ರಿ" ಎಂದಳು. ಕಿವಿ ಹೋದರೂ ದನಿ ಅದೇ ಶೆಡ್ಡಿನ ದನಿ, ಬೀದಿಗೆ ಕೇಳುವಂಥದ್ದು. ಚಹಾ ಬೇಕೆ, ನೀರು ಬೇಕೆ ಎಂದು ಕೇಳಲಿಲ್ಲ. ಮೊಮ್ಮಗಳ ತೊಡೆಯಿಂದ ಪುಸ್ತಕ ಇಸಕೊಂಡು, "ನೀ ಸರಿ, ಅಕ್ಕಾರಿಗಿ ನಾ ಓದಿ ತೋರಸ್ತೇನಿ" ಎಂದಳು.

ಓದಿದಳು. ಅಕ್ಷರ ಬಾರದ ಗಂಗವ್ವ ಮರಾಠಿ ಸಾಲಿನ ಕೆಳಗೆ ಕಂಡಿಕೆ ಸುತ್ತಿದ ಆ ಬೆರಳಿಟ್ಟು, ಒಂದೊಂದೇ ಹಾಳೆ ತಿರುವಿ, ಕನ್ನಡದಲ್ಲಿ ಓದಿದಳು. ಮಗಳ ತುಟಿಯಿಂದ ಕಲಿತದ್ದು, ಮೊಮ್ಮಗಳ ತುಟಿಯಿಂದ ಗಟ್ಟಿಯಾದದ್ದು. ಕೋಳಿ ಕತ್ತು ಓರೆ ಮಾಡಿತು. ಕಪ್ಪೆ ಬಂತು, ತಪ್ಪಲಿಲ್ಲ. ಎಮ್ಮೆ ಬಾಯಿ ಆಡಿಸುವುದನ್ನು ಬಿಟ್ಟಿತು. ಮೊಮ್ಮಗಳು ಅಜ್ಜಿಯ ಮೊಣಕಾಲಿಗೆ ಗಲ್ಲವಿಟ್ಟು, ಮೊದಲ ಸಲ ಕೇಳುವವಳಂತೆ ಕೇಳುತ್ತಿದ್ದಳು. ನೀಲಾ ಒಳಗಿನಿಂದ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಪಕ್ಕದ ಮನೆಯವರು ಯಾರೋ ಕಿಟಕಿಯಲ್ಲಿ ಇಣುಕಿದರು.

ನಾನು ಅತ್ತುಬಿಟ್ಟೆ. ಎಷ್ಟೋ ಮಕ್ಕಳನ್ನು ಎಷ್ಟೋ ಸಲ ಕೇಳಿದ್ದೆ, ಅವ್ವ ಏನಂದಳು ಎಂದು. ಪಾಳಿ ಮುಗಿಸಿ ಬಂದಳು, ನಿದ್ದೆ ಹೋದಳು, ಹೊಡೆದಳು, ಮಗ್ಗ ನಿಲ್ಲಿಸಿ ಕೇಳಿದಳು. ಅವ್ವ ಪುಸ್ತಕ ಇಸಕೊಂಡು ತಾನೇ ಓದಿದಳು ಎಂದು ಒಂದು ಮಗುವೂ ಹೇಳಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಇದು ಓದೇ ಅಲ್ಲ ಎನ್ನುವ ಸಾಹೇಬರು ಈಗಲೂ ಎಲ್ಲೋ ಇರಬಹುದು. ಬರಲಿ, ಹಾಳೆ ಅವರೇ ತಿರುವಲಿ.

ಕೊನೆಯ ಚಿತ್ರಕ್ಕೆ ಬಂದು ಗಂಗವ್ವ ನಿಂತಳು. ಬೆರಳು ಆ ತಾಯಿಯ ಹಿಟ್ಟಿನ ಕೈಯ ಮೇಲಿತ್ತು. ತಲೆ ಎತ್ತಿ ನನ್ನ ತುಟಿ ನೋಡಿದಳು.

"ಅಕ್ಕಾರ, ಹಾಳಿ ಸಿಕ್ತೇನ್ರಿ?"

ನಾನು ಎರಡು ಕೈಯನ್ನೂ ಅವಳ ಮುಂದೆ ಎತ್ತಿ, ಎಳೆ ಕೂಡಿದಾಗ ಶೆಡ್ಡಿನಲ್ಲಿ ಮಾಡುವಂತೆ ಬೆರಳ ತುದಿಗಳನ್ನು ಸೇರಿಸಿ ಹೊಸೆದು ತೋರಿಸಿದೆ.